ಗಡಾಯಿಕಲ್ಲು ಕೊಡದ ಭದ್ರತೆ

2023ರ ಡಿಸೆಂಬರ್ 23ರಂದು ಅರಬ್ಬೀ ಸಮುದ್ರದಲ್ಲಿ ‘ಕೆಮ್ ಪ್ಲೂಟೊ’ ಎಂಬ ಹಡಗಿಗೆ ಡ್ರೋನ್ ಬಡಿದು ಬೆಂಕಿ ಹತ್ತಿಕೊಂಡಿತು. ಸೌದಿ ಅರೇಬಿಯಾದಿಂದ ತೈಲ ಹೊತ್ತು ಆ ಹಡಗು ಬರುತ್ತಿದ್ದದ್ದು ನಮ್ಮ ನವಮಂಗಳೂರು ಬಂದರಿಗೆ. ಅದರಲ್ಲಿದ್ದವರು ಹೆಚ್ಚಿನಂಶ ಭಾರತೀಯರು. ಪುಣ್ಯಕ್ಕೆ ಯಾರ ಜೀವವೂ ಹೋಗಲಿಲ್ಲ. ಡ್ರೋನ್ ಇರಾನಿನಿಂದ ಹಾರಿಬಂತೆಂದು ಅಮೆರಿಕ ಹೇಳಿತು. ಇರಾನ್ ಅದನ್ನು ಅಲ್ಲಗಳೆಯಿತು. ಆಗ ಗಾಜಾದಲ್ಲಿ ಯುದ್ಧ ನಡೆಯುತ್ತಿತ್ತು. ಅಲ್ಲಿಯ ಬೆಂಕಿಯ ಕಿಡಿ ಮಂಗಳೂರಿನ ದಾರಿಯಲ್ಲಿದ್ದ ಹಡಗಿನ ಮೇಲೆ ಬಿತ್ತು.

ಚಾರ್ಮಾಡಿ ಘಾಟಿ ಹತ್ತುವ ಮೊದಲು ಸಿಗುವ ಪುಟ್ಟ ಪೇಟೆ ಕಕ್ಕಿಂಜೆ. ಇಲ್ಲಿಯ ಅಡಿಕೆ ತೋಟಕ್ಕೂ ಪಶ್ಚಿಮ ಏಷ್ಯಾದ ಕದನಕ್ಕೂ ಏನು ಸಂಬಂಧ ಎಂದು ಕೇಳುವವರು ಈಗಲೂ ಇದ್ದಾರೆ. ಸಂಬಂಧ ಬಹಳ ಇದೆ. 1990ರ ಆಗಸ್ಟ್ 2ರಂದು ಇರಾಕ್ ಕುವೈತಿಗೆ ನುಗ್ಗಿದಾಗ ಅಲ್ಲಿದ್ದ ಲಕ್ಷಕ್ಕೂ ಹೆಚ್ಚು ಭಾರತೀಯರನ್ನು ವಿಮಾನಗಳಲ್ಲಿ ಕರೆತರಬೇಕಾಯಿತು. ಅವರಲ್ಲಿ ದಕ್ಷಿಣ ಕನ್ನಡದವರೂ ಇದ್ದರು, ದುಡಿದದ್ದನ್ನೆಲ್ಲ ಬಿಟ್ಟು ಕೈಚೀಲದೊಂದಿಗೆ ಮರಳಿದರು. 2022ರ ಮಾರ್ಚ್ 1ರಂದು ಉಕ್ರೇನಿನ ಖಾರ್ಕಿವ್ ನಗರದಲ್ಲಿ ಹಾವೇರಿ ಜಿಲ್ಲೆಯ ಒಬ್ಬ ವೈದ್ಯಕೀಯ ವಿದ್ಯಾರ್ಥಿ ಶೆಲ್ ದಾಳಿಗೆ ಬಲಿಯಾದ. ದೇಶಕ್ಕೆ ತೈಲ ಬರುವ ದಾರಿ ಮುಚ್ಚಿಹೋದರೆ ಬೇಕೆಂದು ಮಂಗಳೂರಿನಲ್ಲಿ 15 ಲಕ್ಷ ಟನ್, ಉಡುಪಿ ಜಿಲ್ಲೆಯ ಪಾದೂರಿನಲ್ಲಿ 25 ಲಕ್ಷ ಟನ್ ಕಚ್ಚಾ ತೈಲ ಹಿಡಿಸುವ ಗುಹೆಗಳನ್ನು ನೆಲದಡಿಯ ಬಂಡೆಯಲ್ಲಿ ಕೊರೆದಿದ್ದಾರೆ. ಅಂತಾರಾಷ್ಟ್ರೀಯ ಭದ್ರತೆ ನಮ್ಮ ಕಾಲ ಕೆಳಗೇ ಇದೆ.

ಹಾಗಿರುವಾಗ ಯುದ್ಧ ಯಾಕೆ ಹುಟ್ಟುತ್ತದೆ ಎಂಬ ಪ್ರಶ್ನೆಯನ್ನು ದೆಹಲಿಯ ತಜ್ಞರಿಗೆ ಬಿಟ್ಟುಕೊಟ್ಟು ಸುಮ್ಮನಿರುವುದು ಸರಿಯಲ್ಲ. ಅದಕ್ಕೆ ಉತ್ತರ ಹುಡುಕಲು ದೂರ ಹೋಗಬೇಕಾಗಿಯೂ ಇಲ್ಲ. ಬೆಳ್ತಂಗಡಿ ತಾಲೂಕಿನ ನಡ ಗ್ರಾಮದಲ್ಲಿ ಕಾಡಿನ ನಡುವೆ ಒಂಟಿಯಾಗಿ ಎದ್ದು ನಿಂತ ಗಡಾಯಿಕಲ್ಲು ಇದೆ. ಹಳೆಯ ಹೆಸರು ನರಸಿಂಹಗಡ. ಟಿಪ್ಪು ಸುಲ್ತಾನ 1794ರಲ್ಲಿ ಅದರ ನೆತ್ತಿಯ ಮೇಲೆ ಕೋಟೆ ಕಟ್ಟಿಸಿ ಜಮಾಲಾಬಾದ್ ಎಂದು ಕರೆದ. ಸುತ್ತಲೂ ಕಡಿದಾದ ಬಂಡೆ, ಹತ್ತಲು ಕಿರಿದಾದ ಮೆಟ್ಟಿಲು ದಾರಿಯೊಂದೇ. ಕೆಲವೇ ಕಾವಲುಗಾರರು ಇಡೀ ಸೈನ್ಯವನ್ನು ತಡೆಯಬಹುದಾದಂಥ ಜಾಗ. ಇಷ್ಟು ಭದ್ರವಾದ ಕೋಟೆ ಕಟ್ಟಿದ ಐದೇ ವರ್ಷದಲ್ಲಿ ಅದನ್ನು ಕಟ್ಟಿಸಿದವನೂ ಇರಲಿಲ್ಲ, ಅವನ ರಾಜ್ಯವೂ ಉಳಿಯಲಿಲ್ಲ. ಆ ಐದು ವರ್ಷ ಮತ್ತು ಅದಕ್ಕೆ ಹಿಂದಿನ ಹದಿನೈದು ವರ್ಷಗಳನ್ನು ಸರಿಯಾಗಿ ಓದಿಕೊಂಡರೆ ಇವತ್ತಿನ ಜಗತ್ತಿನ ಬಹುಪಾಲು ಯುದ್ಧಗಳ ಹುಟ್ಟು ಅರ್ಥವಾಗುತ್ತದೆ.

ಕಥೆ ತೊಡಗುವುದು ಅಮೆರಿಕದಲ್ಲಿ. ಅಲ್ಲಿಯ ವಸಾಹತುಗಳು ಬ್ರಿಟನ್ ವಿರುದ್ಧ ಎದ್ದು ನಿಂತಾಗ 1778ರಲ್ಲಿ ಫ್ರಾನ್ಸ್ ಅವುಗಳ ಪರ ಸೇರಿತು. ಕೂಡಲೇ ಭಾರತದಲ್ಲಿದ್ದ ಫ್ರೆಂಚ್ ನೆಲೆಗಳ ಮೇಲೆ ಈಸ್ಟ್ ಇಂಡಿಯಾ ಕಂಪನಿ ಕೈಹಾಕಿತು. 1779ರ ಮಾರ್ಚಿನಲ್ಲಿ ಮಲಬಾರಿನ ಮಾಹೆ ಬಂದರು ಕಂಪನಿಯ ವಶವಾಯಿತು. ಟಿಪ್ಪುವಿನ ತಂದೆ ಹೈದರ್ ಅಲಿಗೆ ಮದ್ದುಗುಂಡು ಇಳಿಯುತ್ತಿದ್ದದ್ದು ಆ ಬಂದರಿನಲ್ಲಿ. ಅದು ತನ್ನ ರಕ್ಷಣೆಯಲ್ಲಿದೆ ಎಂದು ಆತ ಮೊದಲೇ ಎಚ್ಚರಿಸಿದ್ದ. ಮರುವರ್ಷ ಹೈದರನ ಸೈನ್ಯ ಕರ್ನಾಟಿಕ್ ಬಯಲಿಗೆ ಇಳಿಯಿತು. ಎರಡನೇ ಮೈಸೂರು ಯುದ್ಧ ಹೀಗೆ ಹುಟ್ಟಿತು. ಅದು ಸುತ್ತಿ ಬಳಸಿ ನಮ್ಮ ಕರಾವಳಿಗೆ ಬಂತು: 1783ರಲ್ಲಿ ಕಂಪನಿ ಮಂಗಳೂರನ್ನು ಹಿಡಿಯಿತು, ಟಿಪ್ಪು ಅದನ್ನು ಮುತ್ತಿದ. ಮುತ್ತಿಗೆಯಲ್ಲಿ ಅವನ ಜೊತೆಗಿದ್ದ ಫ್ರೆಂಚ್ ಸೈನಿಕರು ಒಂದು ದಿನ ಬಂದೂಕು ಕೆಳಗಿಟ್ಟರು. ಯುರೋಪಿನಲ್ಲಿ ಫ್ರಾನ್ಸ್ ಮತ್ತು ಬ್ರಿಟನ್ ರಾಜಿಯಾದ ಸುದ್ದಿ ಅವರಿಗೆ ತಲುಪಿತ್ತು. ಮಂಗಳೂರಿನಲ್ಲಿ ಯಾರು ಯಾರ ಮೇಲೆ ಗುಂಡು ಹಾರಿಸಬೇಕು ಎಂಬುದು ಪ್ಯಾರಿಸ್ಸಿನಲ್ಲಿ ತೀರ್ಮಾನವಾಗುತ್ತಿತ್ತು. ಜಗತ್ತು ಒಂದಕ್ಕೊಂದು ಹೆಣೆದುಕೊಂಡದ್ದು ಮೊಬೈಲು ಬಂದ ಮೇಲಲ್ಲ.

1784ರ ಮಾರ್ಚ್ 11ರಂದು ಮಂಗಳೂರು ಒಪ್ಪಂದಕ್ಕೆ ಸಹಿ ಬಿತ್ತು. ಗೆದ್ದ ಊರುಗಳನ್ನು ಇಬ್ಬರೂ ಮರಳಿಸಿದರು. ಭಾರತದ ಒಬ್ಬ ಅರಸ ಕಂಪನಿಯೊಡನೆ ಸರಿಸಮನಾಗಿ ಕೂತು ಮಾಡಿಕೊಂಡ ಒಪ್ಪಂದ ಅದು. ಆದರೆ ಅದನ್ನು ಕಾಯುವವರು ಯಾರೂ ಇರಲಿಲ್ಲ. ಒಬ್ಬರು ಮಾತು ಮುರಿದರೆ ಮತ್ತೊಬ್ಬರು ಯಾರ ಬಳಿ ದೂರು ಹೇಳಬೇಕು? ಹಾಗಾಗಿ ಸಹಿ ಒಣಗುವ ಮುನ್ನವೇ ಇಬ್ಬರೂ ಮುಂದಿನ ಯುದ್ಧಕ್ಕೆ ಅಣಿಯಾಗತೊಡಗಿದರು. ಟಿಪ್ಪು ಇಸ್ತಾಂಬುಲಿಗೆ, ಪ್ಯಾರಿಸ್ಸಿಗೆ ರಾಯಭಾರಿಗಳನ್ನು ಕಳಿಸಿದ. ಅವನ ದೃಷ್ಟಿಯಲ್ಲಿ ಅದು ಆತ್ಮರಕ್ಷಣೆ. ಕಂಪನಿಯ ದೃಷ್ಟಿಯಲ್ಲಿ ಸಂಚು. 1789ರ ಜುಲೈಯಲ್ಲಿ ಗವರ್ನರ್ ಜನರಲ್ ಕಾರ್ನ್‌ವಾಲಿಸ್ ಹೈದರಾಬಾದಿನ ನಿಜಾಮನಿಗೆ ಪತ್ರ ಬರೆದು, ಕಂಪನಿಯ ಪಡೆಯನ್ನು ಯಾವ ಯಾವ ಮಿತ್ರರ ಮೇಲೆ ಬಳಸಬಾರದು ಎಂದು ಪಟ್ಟಿ ಮಾಡಿದ. ಅದರಲ್ಲಿ ಮೈಸೂರಿನ ಹೆಸರಿರಲಿಲ್ಲ. ಕಂಪನಿಗೆ ಅದು ಮುನ್ನೆಚ್ಚರಿಕೆ. ಟಿಪ್ಪುವಿಗೆ ಕತ್ತಿ ಮಸೆಯುವ ಸದ್ದು. ಅದೇ ವರ್ಷದ ಕೊನೆಗೆ ಟಿಪ್ಪು ತಿರುವಾಂಕೂರಿನ ಗಡಿಗೋಡೆಯ ಮೇಲೆ ಏರಿಹೋದ, ಮೂರನೇ ಯುದ್ಧ ಹತ್ತಿಕೊಂಡಿತು. 1792ರ ಶ್ರೀರಂಗಪಟ್ಟಣ ಒಪ್ಪಂದದಲ್ಲಿ ಮೈಸೂರು ಅರ್ಧ ರಾಜ್ಯ ಬಿಟ್ಟುಕೊಟ್ಟಿತು, 3 ಕೋಟಿ 30 ಲಕ್ಷ ರೂಪಾಯಿ ದಂಡ ಒಪ್ಪಿಕೊಂಡಿತು, ಟಿಪ್ಪುವಿನ ಇಬ್ಬರು ಮಕ್ಕಳು ಒತ್ತೆಯಾಳಾಗಿ ಹೋದರು.

ಗಡಾಯಿಕಲ್ಲಿನ ಕೋಟೆ ಎದ್ದದ್ದು ಈ ಸೋಲಿನ ನಂತರ. ಅದು ಹೆದರಿದ ಮನಸ್ಸು ಕಟ್ಟಿದ ಕೋಟೆ. ಹೆದರಿಕೆಗೆ ಕಾರಣ ಖಂಡಿತ ಇತ್ತು. ಮೈಸೂರಿಗೆ ಸಮುದ್ರದ ಬಾಗಿಲೆಂದರೆ ಈ ಕರಾವಳಿ; ಕರಾವಳಿಯಿಂದ ಘಟ್ಟಕ್ಕೆ ಹತ್ತುವ ದಾರಿಗಳು ಶತ್ರುವಿನ ಕೈಸೇರಿದರೆ ಗತಿಯಿಲ್ಲ. ಆದರೆ ಬಲಪಡಿಸಿಕೊಂಡ ಒಂದೊಂದು ಕೋಟೆಯೂ ಎದುರಿನವನಿಗೆ ಹೇಳುತ್ತಿದ್ದದ್ದು ಒಂದೇ ಮಾತು: ಇವನು ಸೇಡಿಗೆ ಸಿದ್ಧನಾಗುತ್ತಿದ್ದಾನೆ. ರಾಜನೀತಿಯ ವಿದ್ವಾಂಸ ಜಾನ್ ಹರ್ಜ್ 1950ರಲ್ಲಿ ಇದನ್ನು ಭದ್ರತೆಯ ಇಕ್ಕಟ್ಟು ಎಂದು ಕರೆದ. ನಾನು ನನ್ನ ರಕ್ಷಣೆಗೆ ಮಾಡುವ ಏರ್ಪಾಡು ನಿನ್ನನ್ನು ಹೆದರಿಸುತ್ತದೆ; ನೀನು ಹೆದರಿ ಮಾಡುವ ಏರ್ಪಾಡು ನನ್ನನ್ನು ಇನ್ನಷ್ಟು ಹೆದರಿಸುತ್ತದೆ; ಕೊನೆಗೆ ಇಬ್ಬರಿಗೂ ಬೇಡವಾಗಿದ್ದ ಯುದ್ಧ ಇಬ್ಬರ ಕೈಯಿಂದಲೇ ಆಗುತ್ತದೆ. ಎರಡು ಸಾವಿರದ ನಾನೂರು ವರ್ಷಗಳ ಹಿಂದೆ ಗ್ರೀಸಿನ ಥುಸಿಡಿಡೀಸ್ ಅಥೆನ್ಸ್ ಮತ್ತು ಸ್ಪಾರ್ಟಾಗಳ ಯುದ್ಧಕ್ಕೆ ಕೊಟ್ಟ ಕಾರಣವೂ ಇದೇ: ಒಬ್ಬರ ಬಲ ಬೆಳೆಯುತ್ತಿತ್ತು, ಅದರ ಭಯ ಇನ್ನೊಬ್ಬರನ್ನು ಕಾಡುತ್ತಿತ್ತು.

ಇದರ ಪರಿಣಾಮ 1798ರಲ್ಲಿ ಕಂಡಿತು. ಆ ವರ್ಷದ ಜನವರಿಯಲ್ಲಿ ಮಾರಿಷಸ್ಸಿನ ಫ್ರೆಂಚ್ ಗವರ್ನರ್ ಮಲಾರ್ಟಿಕ್ ಟಿಪ್ಪುವಿಗೆ ಸ್ವಯಂಸೇವಕ ಸೈನಿಕರು ಬೇಕಾಗಿದ್ದಾರೆಂದು ಬಹಿರಂಗ ಪ್ರಕಟಣೆ ಹೊರಡಿಸಿದ. ಏಪ್ರಿಲಿನಲ್ಲಿ ಮಂಗಳೂರಿನಲ್ಲಿ ಹಡಗಿನಿಂದ ಇಳಿದವರು ನೂರರಷ್ಟು ಮಂದಿ. ಯಾವ ಯುದ್ಧವನ್ನೂ ಗೆಲ್ಲಲಾಗದ ಸಂಖ್ಯೆ ಅದು. ಜುಲೈಯಲ್ಲಿ ನೆಪೋಲಿಯನ್ ಈಜಿಪ್ಟಿಗೆ ಬಂದಿಳಿದ. ಮುಂದಿನ ಹೆಜ್ಜೆ ಭಾರತ ಎಂಬ ಭೀತಿ ಕಲ್ಕತ್ತೆಯಲ್ಲಿ ಹರಡಿತು. ಆಗಸ್ಟಿನಲ್ಲಿ ನೈಲ್ ನದಿಯ ಮುಖದಲ್ಲಿ ಬ್ರಿಟಿಷ್ ನೌಕಾಪಡೆ ಫ್ರೆಂಚ್ ಹಡಗುಗಳನ್ನು ನಾಶಮಾಡಿದ ಮೇಲೆ ಆ ಅಪಾಯ ಬಹುಮಟ್ಟಿಗೆ ತಗ್ಗಿತ್ತು. ಆದರೂ ಹೊಸ ಗವರ್ನರ್ ಜನರಲ್ ವೆಲ್ಲೆಸ್ಲಿ ನಿಲ್ಲಲಿಲ್ಲ. ಸೈನ್ಯ ಕೂಡಿಸಿಯಾಗಿತ್ತು, ನಿಜಾಮನನ್ನು ಕಟ್ಟಿಹಾಕಿಯಾಗಿತ್ತು, ಶತ್ರು ಬಲಹೀನನಾಗಿದ್ದಾಗಲೇ ಮುಗಿಸಿಬಿಡುವ ಅವಕಾಶ ಒದಗಿತ್ತು. 1799ರ ಮೇ 4ರಂದು ಶ್ರೀರಂಗಪಟ್ಟಣ ಬಿತ್ತು. ಭಯದಿಂದ ಆರಂಭವಾದ ಲೆಕ್ಕಾಚಾರ ಲಾಭದ ಲೆಕ್ಕಾಚಾರವಾಗಿ ಮುಗಿಯಿತು. 2003ರಲ್ಲಿ ಇರಾಕಿನಲ್ಲಿ ಸಾಮೂಹಿಕ ನಾಶದ ಅಸ್ತ್ರಗಳಿವೆ ಎಂದು ಹೇಳಿ ಅಮೆರಿಕ ಯುದ್ಧ ಹೂಡಿತು. ಅಸ್ತ್ರಗಳು ಸಿಗಲಿಲ್ಲ, ದೇಶ ಹಾಳಾಯಿತು. ಎರಡು ಘಟನೆಗಳ ನಡುವೆ ಇನ್ನೂರು ವರ್ಷ ಇದೆ, ಮನಸ್ಸು ಒಂದೇ.

ಈ ಯುದ್ಧಗಳಿಗೆ ಧರ್ಮವೇ ಕಾರಣ ಎಂದು ಇವತ್ತು ಸುಲಭವಾಗಿ ಹೇಳುವವರಿದ್ದಾರೆ. ಆಗಿನ ಪಾಳಯಗಳನ್ನು ನೋಡಿ: ಮೂರನೇ ಯುದ್ಧದಲ್ಲಿ ಟಿಪ್ಪುವಿನ ವಿರುದ್ಧ ಕ್ರೈಸ್ತ ಕಂಪನಿ, ಹಿಂದೂ ಪೇಶ್ವೆ, ಮುಸ್ಲಿಂ ನಿಜಾಮ ಒಟ್ಟಾಗಿದ್ದರು. ಟಿಪ್ಪು ಕೈಚಾಚಿದ್ದು ಕ್ರೈಸ್ತ ಫ್ರಾನ್ಸಿನ ಕಡೆಗೆ. ಅದಕ್ಕೂ ಇನ್ನೂರು ವರ್ಷ ಹಿಂದೆ ಪೋರ್ಚುಗೀಸರು ಪರವಾನಗಿ ಚೀಟಿಯಿಲ್ಲದ ಹಡಗುಗಳನ್ನು ಸುಲಿಯುತ್ತ ನಮ್ಮ ಕಡಲಿನಲ್ಲಿ ಯುದ್ಧ ನಡೆಸಿದ್ದು ಕಾಳುಮೆಣಸಿನ ವ್ಯಾಪಾರದ ಹಿಡಿತಕ್ಕೆ. ಅವರನ್ನು ಎದುರಿಸಿದ ಉಳ್ಳಾಲದ ಅಬ್ಬಕ್ಕ ಮೂಡುಬಿದಿರೆಯ ನಂಟಿದ್ದ ಜೈನ ಚೌಟ ಮನೆತನದವಳು. ಆಕೆಯ ಜೊತೆ ನಿಂತವರಲ್ಲಿ ಮೊಗವೀರರೂ ಇದ್ದರು, ಬ್ಯಾರಿಗಳೂ ಇದ್ದರು. ಧರ್ಮದ ಮಾತು ಯುದ್ಧಕ್ಕೆ ಜನರನ್ನು ಹುರಿದುಂಬಿಸಲು ಬರುತ್ತದೆ. ಯುದ್ಧ ಹುಟ್ಟುವುದು ಭಯ, ಲಾಭ ಮತ್ತು ಹಮ್ಮು ಒಂದುಗೂಡಿದಲ್ಲಿ.

ಹಾಗೆಂದು ಆ ಕಾಲದ ಕ್ರೌರ್ಯವನ್ನು ಯಾರೂ ಮರೆಮಾಚಬಾರದು. 1784ರ ಫೆಬ್ರವರಿಯ ವಿಭೂತಿ ಬುಧವಾರದಂದು ಕೆನರಾದ ಕ್ಯಾಥೊಲಿಕರನ್ನು ಟಿಪ್ಪುವಿನ ಸೈನಿಕರು ಸೆರೆಹಿಡಿದು ಘಟ್ಟ ಹತ್ತಿಸಿ ಶ್ರೀರಂಗಪಟ್ಟಣಕ್ಕೆ ಒಯ್ದರು. ಅವರ ಸಂಖ್ಯೆಯ ಅಂದಾಜುಗಳು 30 ಸಾವಿರದಿಂದ 80 ಸಾವಿರದವರೆಗೆ ಇವೆ. ಇಗರ್ಜಿಗಳನ್ನು ಕೆಡವಿದರು, ಅನೇಕರು ದಾರಿಯಲ್ಲಿ ಮತ್ತು ಸೆರೆಯಲ್ಲಿ ಸತ್ತರು, ಉಳಿದವರಿಗೆ ಬಿಡುಗಡೆ ಸಿಕ್ಕಿದ್ದು 1799ರಲ್ಲಿ. ಅವರ ಮೇಲಿದ್ದ ಆರೋಪ ಇಂಗ್ಲಿಷರಿಗೆ ನೆರವಾದರೆಂಬುದು. ಕೆಲವರ ಮೇಲಿನ ಅನುಮಾನಕ್ಕೆ ಹಾಲುಗಲ್ಲದ ಮಕ್ಕಳೂ ದಂಡ ತೆತ್ತರು. ಯುದ್ಧದ ಭಯ ಹೊರಗಿನ ಶತ್ರುವಿನಲ್ಲಿ ನಿಲ್ಲುವುದಿಲ್ಲ. ಅದು ಒಳಗೂ ಶತ್ರುವನ್ನು ಹುಡುಕುತ್ತದೆ. 1914ರಲ್ಲಿ ಯುರೋಪಿನಲ್ಲಿ ಮಹಾಯುದ್ಧ ಶುರುವಾದಾಗ ಮಂಗಳೂರಿನಲ್ಲಿ ಶಾಲೆ, ಮುದ್ರಣಾಲಯ, ಹಂಚಿನ ಕಾರ್ಖಾನೆ ಕಟ್ಟಿದ್ದ ಬಾಸೆಲ್ ಮಿಷನ್ನಿನ ಜರ್ಮನರು ಒಂದೇ ಸಲಕ್ಕೆ ಶತ್ರು ದೇಶದವರಾದರು. ಅವರನ್ನು ಬಂಧನದಲ್ಲಿಟ್ಟರು, ಕಾರ್ಖಾನೆಗಳು ಕೈತಪ್ಪಿದವು. 1942ರಲ್ಲಿ ಅಮೆರಿಕ ಸುಮಾರು 1,20,000 ಜಪಾನಿ ಮೂಲದವರನ್ನು ಶಿಬಿರಗಳಿಗೆ ತಳ್ಳಿತು. 1962ರಲ್ಲಿ ನಮ್ಮ ದೇಶವೂ ಸಾವಿರಾರು ಚೀನೀ ಮೂಲದವರನ್ನು ರಾಜಸ್ಥಾನದ ದೇವಲಿಯಲ್ಲಿ ಕೂಡಿಹಾಕಿತು. ಬೇರೆ ಬೇರೆ ಧರ್ಮದ, ಬೇರೆ ಬೇರೆ ಪದ್ಧತಿಯ ಸರ್ಕಾರಗಳು ಒಂದೇ ತಪ್ಪು ಮಾಡಿದವು. ನೆರೆಮನೆಯವರನ್ನು ಅನುಮಾನದಿಂದ ನೋಡುವ ಅಭ್ಯಾಸಕ್ಕೆ ಯುದ್ಧದಷ್ಟು ನೀರೆರೆಯುವಂಥದ್ದು ಬೇರೊಂದಿಲ್ಲ.

ಜಗಳ ಎಲ್ಲ ಕಡೆಯೂ ಇದೆ, ಯುದ್ಧ ಎಲ್ಲ ಕಡೆ ಆಗುವುದಿಲ್ಲ. ಯಾಕೆ? ನಮ್ಮ ಊರಿನಲ್ಲಿ ಕಟ್ಟಪುಣಿಯ ತಕರಾರು ಇಲ್ಲದ ಕುಟುಂಬ ಅಪರೂಪ. ನೆರೆಯವನು ಒಂದು ಮೊಳ ಒತ್ತಿದನೆಂದು ತಲೆಮಾರುಗಟ್ಟಲೆ ಮಾತು ಬಿಟ್ಟವರಿದ್ದಾರೆ. ಆದರೂ ಕತ್ತಿ ಹಿಡಿಯುವವರು ಕಡಿಮೆ. ಸರ್ವೆಯವರು ಬರುತ್ತಾರೆ, ಊರ ಹಿರಿಯರು ಕೂರುತ್ತಾರೆ, ದೈವದ ಎದುರು ನ್ಯಾಯ ಕೇಳುತ್ತಾರೆ, ಬೆಳ್ತಂಗಡಿಯ ಕೋರ್ಟಿದೆ. ನಡುವೆ ಕೂತು ತೀರ್ಪು ಕೊಡುವವರಿದ್ದಾರೆ, ತೀರ್ಪು ನಡೆಯುತ್ತದೆ ಎಂಬ ನಂಬಿಕೆ ಇದೆ. ರಾಷ್ಟ್ರಗಳ ನಡುವೆ ಅಂಥ ನಡುವಿನವರಿಲ್ಲ.

ನಡುವಿನವರಿದ್ದರೆ ಜಗಳ ಯುದ್ಧವಾಗುವುದಿಲ್ಲ ಎಂಬುದಕ್ಕೆ ಕರ್ನಾಟಕದ ಚರಿತ್ರೆಯಲ್ಲೇ ಗಟ್ಟಿ ಸಾಕ್ಷಿ ಇದೆ. 1767ರಿಂದ 1799ರವರೆಗೆ ಮೈಸೂರು ಮತ್ತು ಮದರಾಸು ಕಡೆಯವರು ನಾಲ್ಕು ಸಲ ಯುದ್ಧ ಮಾಡಿದರು. ಆ ಎರಡು ನೆಲಗಳ ನಡುವಿನ ದೊಡ್ಡ ಜಗಳ ಆಮೇಲೆ ಕಾವೇರಿ ನೀರಿನದ್ದಾಯಿತು. 1892ರಲ್ಲಿ ಒಂದು ಒಪ್ಪಂದ, 1924ರಲ್ಲಿ ಮತ್ತೊಂದು, 1990ರಲ್ಲಿ ನ್ಯಾಯಮಂಡಳಿ, 2007ರಲ್ಲಿ ಅದರ ಅಂತಿಮ ತೀರ್ಪು, 2018ರ ಫೆಬ್ರವರಿಯಲ್ಲಿ ಸುಪ್ರೀಂ ಕೋರ್ಟಿನ ತೀರ್ಪು. ಯಾರಿಗೂ ಪೂರ್ತಿ ಸಮಾಧಾನವಾಗಿಲ್ಲ. 1991ರಲ್ಲಿ ಬೆಂಗಳೂರಿನಲ್ಲಿ ಗಲಭೆಯಾಗಿ ಜೀವಗಳು ಹೋದವು, ಅದು ನಾಚಿಕೆಯ ಸಂಗತಿ. ಆದರೂ ಕರ್ನಾಟಕ ಮತ್ತು ತಮಿಳುನಾಡು ಪರಸ್ಪರ ಸೈನ್ಯ ಕಳಿಸಲಿಲ್ಲ, ಕಳಿಸುವ ಯೋಚನೆಯೂ ಯಾರಿಗೂ ಬರಲಿಲ್ಲ. ಮರಾಠರು ಮತ್ತು ಮೈಸೂರಿನವರು ಕಾದಾಡಿದ ಉತ್ತರದ ಗಡಿಯಲ್ಲಿ ಇವತ್ತು ಬೆಳಗಾವಿಯ ವಿವಾದವಿದೆ. ಅದು 2004ರಿಂದ ಸುಪ್ರೀಂ ಕೋರ್ಟಿನ ಕಡತದಲ್ಲಿದೆ. ಕಾಸರಗೋಡಿನ ಕನ್ನಡಿಗರ ನೋವು 1956ರಿಂದ ಮಾಗಿಲ್ಲ. ಅವರು ಮನವಿ ಕೊಡುತ್ತಾರೆ, ಧರಣಿ ಕೂರುತ್ತಾರೆ, ಶಾಲೆಗಳಿಗಾಗಿ ಹೋರಾಡುತ್ತಾರೆ. ಹದಿನೆಂಟನೇ ಶತಮಾನದವರಿಗಿಂತ ನಾವು ಒಳ್ಳೆಯ ಮನುಷ್ಯರಾದೆವೆಂದು ಇದಕ್ಕೆ ಅರ್ಥವಲ್ಲ. ಬದಲಾದದ್ದು ಏರ್ಪಾಡು. ಸಂವಿಧಾನ, ನ್ಯಾಯಾಲಯ, ಚುನಾವಣೆ ಎಂಬ ನಡುವಿನವರು ಬಂದರು. ಇಂದು ಸೋತವನು ನಾಳೆ ಮತ್ತೆ ವಾದಿಸಬಹುದು ಎಂಬ ಭರವಸೆ ಬಂತು.

ಹಾಗಾದರೆ ಶಸ್ತ್ರ ಬೇಡವೇ? ಈ ಪ್ರಶ್ನೆಯಿಂದ ತಪ್ಪಿಸಿಕೊಳ್ಳುವ ಶಾಂತಿವಾದ ನನಗೆ ಒಪ್ಪಿಗೆಯಿಲ್ಲ. 1938ರಲ್ಲಿ ಮ್ಯೂನಿಕ್ಕಿನಲ್ಲಿ ಹಿಟ್ಲರನನ್ನು ಸಮಾಧಾನಪಡಿಸಲು ಚೆಕೊಸ್ಲೊವಾಕಿಯಾದ ಭಾಗವನ್ನು ಬಿಟ್ಟುಕೊಟ್ಟರು; ಮರುವರ್ಷವೇ ಮಹಾಯುದ್ಧ ಬಂತು. 1994ರಲ್ಲಿ ಉಕ್ರೇನ್ ತನ್ನ ನೆಲದಲ್ಲಿದ್ದ ಸೋವಿಯತ್ ಅಣ್ವಸ್ತ್ರಗಳನ್ನು ಬಿಟ್ಟುಕೊಡಲು ಒಪ್ಪಿತು. ಅದರ ಗಡಿಯನ್ನು ಗೌರವಿಸುವುದಾಗಿ ರಷ್ಯಾ, ಅಮೆರಿಕ, ಬ್ರಿಟನ್ ಬುಡಾಪೆಸ್ಟಿನಲ್ಲಿ ಸಹಿ ಹಾಕಿದವು. 2014ರಲ್ಲಿ ಕ್ರಿಮಿಯಾ ಹೋಯಿತು, 2022ರಲ್ಲಿ ಪೂರ್ಣ ಯುದ್ಧ ಬಂತು. ಹಿಂದೆ ಬಲವಿಲ್ಲದ ಕಾಗದ ಯಾರನ್ನೂ ಕಾಯುವುದಿಲ್ಲ. ನೆರೆಯವನು ಕೈಮುಗಿದರೆ ಕರಗುವವನೇ ಆಗಿರಬೇಕೆಂದಿಲ್ಲ. ಆದ್ದರಿಂದ ಸೈನ್ಯ ಬೇಕು, ಕಾರವಾರದ ನೌಕಾನೆಲೆ ಬೇಕು, ಪಾದೂರಿನ ಗುಹೆಗಳೂ ಬೇಕು.

ಆದರೆ ಅಷ್ಟೇ ಸಾಕೆಂದು ನಂಬುವವರು ಗಡಾಯಿಕಲ್ಲನ್ನು ನೋಡಬೇಕು. ಶ್ರೀರಂಗಪಟ್ಟಣ ಬಿದ್ದ ಮೇಲೆ ಆ ಕೋಟೆಯೂ ಕಂಪನಿಯ ಕೈಸೇರಿತು. ಬಳಿಕ ದಂಗೆಯೆದ್ದವರು ಅದನ್ನು ಹಿಡಿದುಕೊಂಡರು. 1800ರಲ್ಲಿ ಕಂಪನಿ ಸುತ್ತಲೂ ದಿಗ್ಬಂಧನ ಹಾಕಿ ತಿಂಗಳುಗಟ್ಟಲೆ ಕಾದು ಅವರನ್ನೂ ಸೋಲಿಸಿತು. ಹತ್ತಲು ಒಂದೇ ದಾರಿಯಿದ್ದರೆ ಇಳಿಯಲೂ ಒಂದೇ ದಾರಿ. ಬರೀ ಬಲವನ್ನು ನಂಬಿ ಮಾತಿನ ದಾರಿಗಳನ್ನೆಲ್ಲ ಮುಚ್ಚಿಕೊಂಡ ರಾಷ್ಟ್ರಕ್ಕೂ ಅದೇ ಸ್ಥಿತಿ ಬರುತ್ತದೆ.

ಬಲದ ಜೊತೆಗೆ ಬೇಕಾದದ್ದು ಪರಸ್ಪರ ಪರೀಕ್ಷಿಸಿ ನೋಡಬಹುದಾದ ಒಪ್ಪಂದಗಳು. 1795ರಲ್ಲಿ, ಅಂದರೆ ಜಮಾಲಾಬಾದ್ ಕೋಟೆ ಎದ್ದ ಮರುವರ್ಷ, ಜರ್ಮನಿಯ ತತ್ವಜ್ಞಾನಿ ಇಮ್ಯಾನುಯೆಲ್ ಕಾಂಟ್ ಶಾಶ್ವತ ಶಾಂತಿಯ ಬಗ್ಗೆ ಬರೆದ ಪುಸ್ತಕದಲ್ಲಿ ಮೊದಲ ಷರತ್ತನ್ನೇ ಹೀಗೆ ಇಟ್ಟ: ಮುಂದಿನ ಯುದ್ಧದ ಉದ್ದೇಶವನ್ನು ಒಳಗೇ ಬಚ್ಚಿಟ್ಟುಕೊಂಡು ಮಾಡುವ ಒಪ್ಪಂದ ಶಾಂತಿಯೇ ಅಲ್ಲ, ಅದು ಕದನ ವಿರಾಮ. ಮಂಗಳೂರು ಒಪ್ಪಂದ ಸೋತದ್ದು ಅಲ್ಲೇ. 1962ರ ಅಕ್ಟೋಬರಿನಲ್ಲಿ ಕ್ಯೂಬಾದ ಕ್ಷಿಪಣಿಗಳ ಕಾರಣಕ್ಕೆ ಅಣುಯುದ್ಧದ ಅಂಚಿಗೆ ಹೋಗಿ ಬಂದ ಅಮೆರಿಕ ಮತ್ತು ಸೋವಿಯತ್ ಒಕ್ಕೂಟ ಮರುವರ್ಷವೇ ನೇರ ಸಂಪರ್ಕದ ತಂತಿ ಹಾಕಿಕೊಂಡವು. 1987ರಲ್ಲಿ ಮಧ್ಯಮ ದೂರದ ಕ್ಷಿಪಣಿಗಳನ್ನು ನಾಶಮಾಡುವ ಒಪ್ಪಂದ ಮಾಡಿಕೊಂಡಾಗ, ಒಬ್ಬರ ನೆಲೆಗೆ ಇನ್ನೊಬ್ಬರ ತಪಾಸಕರು ಹೋಗಿ ಕಣ್ಣಾರೆ ನೋಡಿದರು. ಭಾರತ ಮತ್ತು ಪಾಕಿಸ್ತಾನ 1988ರ ಡಿಸೆಂಬರ್ 31ರಂದು ಪರಸ್ಪರರ ಅಣು ಸ್ಥಾವರಗಳ ಮೇಲೆ ದಾಳಿ ಮಾಡಬಾರದೆಂದು ಒಪ್ಪಿಕೊಂಡವು. 1992ರಿಂದ ಪ್ರತಿ ಜನವರಿ 1ರಂದು ಆ ಸ್ಥಾವರಗಳ ಪಟ್ಟಿಯನ್ನು ವಿನಿಮಯ ಮಾಡಿಕೊಳ್ಳುತ್ತ ಬಂದಿವೆ. 1999ರಲ್ಲಿ ಕಾರ್ಗಿಲ್ ಯುದ್ಧವಾದರೂ ಆ ಪದ್ಧತಿ ನಿಲ್ಲಲಿಲ್ಲ. ಕಾರ್ನ್‌ವಾಲಿಸನ ಪಟ್ಟಿ ಅನುಮಾನ ಹುಟ್ಟಿಸಿತ್ತು. ಈ ಪಟ್ಟಿ ಅನುಮಾನವನ್ನು ಒಂದಿಷ್ಟು ತಗ್ಗಿಸುತ್ತದೆ. ಕೈಗಾ ಸ್ಥಾವರದ ಸುತ್ತಮುತ್ತ ಬದುಕುವ ನಮ್ಮ ಉತ್ತರ ಕನ್ನಡದವರಿಗೂ ಈ ಮಾತು ಸಂಬಂಧಿಸಿದ್ದು.

ವಿಶ್ವಸಂಸ್ಥೆ ಇದೆಯಲ್ಲ ಎನ್ನಬಹುದು. 1945ರ ಅದರ ಸನ್ನದು ಬಲಪ್ರಯೋಗವನ್ನು ನಿಷೇಧಿಸಿದೆ. ಆದರೆ ಭದ್ರತಾ ಮಂಡಳಿಯಲ್ಲಿ ಐದು ರಾಷ್ಟ್ರಗಳಿಗೆ ಮಾತ್ರ ವಿಟೊ ಅಧಿಕಾರವಿದೆ. ಆ ಐವರಲ್ಲಿ ಒಬ್ಬರೇ ತಪ್ಪು ಮಾಡಿದಾಗ ಸನ್ನದು ಮೂಕವಾಗುತ್ತದೆ. ಆಪಾದಿತನೇ ನ್ಯಾಯಪೀಠದಲ್ಲಿ ಕೂತಿರುವ ವ್ಯವಸ್ಥೆ ಅದು. ಅದನ್ನು ತಿದ್ದಬೇಕು, ಮುರಿಯಬಾರದು. ದೊಡ್ಡ ರಾಷ್ಟ್ರಗಳು ತಮ್ಮ ಬಲದಿಂದ ಬದುಕಿಕೊಳ್ಳಬಹುದು. ನಿಯಮ ಬೇಕಾಗಿರುವುದು ಉಳಿದವರಿಗೆ. ಒಪ್ಪಂದಗಳನ್ನು ಒಂದೊಂದಾಗಿ ಕಳಚುವುದನ್ನು ಶೌರ್ಯವೆಂದು ಕೊಂಡಾಡುವ ಈ ಕಾಲದಲ್ಲಿ, 1987ರ ಕ್ಷಿಪಣಿ ಒಪ್ಪಂದವೂ 2019ರಲ್ಲಿ ಸತ್ತುಹೋಗಿರುವಾಗ, ಭಾರತದಂಥ ದೇಶ ನಿಯಮಗಳ ಪರವಾಗಿ ಗಟ್ಟಿಯಾಗಿ ಮಾತಾಡಬೇಕು.

ಇದರಲ್ಲಿ ನಮ್ಮಂಥವರ ಪಾಲೂ ಇದೆ. ಸರ್ಕಾರಗಳು ಯುದ್ಧಕ್ಕೆ ಇಳಿಯುವ ಮೊದಲು ಜನರ ಮನಸ್ಸನ್ನು ಹದಮಾಡಬೇಕಾಗುತ್ತದೆ. ಟಿವಿಯ ಅಬ್ಬರ, ವಾಟ್ಸಾಪಿನಲ್ಲಿ ಬರುವ ಸುಳ್ಳು ವಿಡಿಯೋ, ಶತ್ರು ದೇಶದ ಹೆಸರು ಹೇಳುತ್ತ ಪಕ್ಕದ ಬೀದಿಯವನ ಕಡೆ ಬೊಟ್ಟು ಮಾಡುವ ಭಾಷಣ, ಇವೆಲ್ಲ ಅದಕ್ಕೇ ಇರುವ ಸಾಧನಗಳು. ಬ್ಯಾರಿ, ಕ್ರೈಸ್ತ, ಜೈನ, ಬಿಲ್ಲವ, ಬಂಟ, ಮಲೆಕುಡಿಯ ಎಲ್ಲರೂ ಒಂದೇ ಬಸ್ಸಿಗೆ ಕಾಯುವ ಕಕ್ಕಿಂಜೆ, ಉಜಿರೆ, ಮೂಡುಬಿದಿರೆಯಂಥ ಊರುಗಳಿಗೆ ಈ ವಿಷ ಎಷ್ಟು ಬೇಗ ಏರುತ್ತದೆಂದು ಕರಾವಳಿಯವರಿಗೆ ಬೇರೆ ಹೇಳಬೇಕಾಗಿಲ್ಲ. ಯುದ್ಧ ಬೇಕು ಎಂದು ಯಾರಾದರೂ ಕೂಗುವಾಗ ಮೂರು ಪ್ರಶ್ನೆ ಕೇಳೋಣ: ಇದರಿಂದ ಲಾಭ ಯಾರಿಗೆ? ಎದುರಿನವನಿಗೆ ನಮ್ಮ ಬಗ್ಗೆ ಇರುವ ಭಯ ಏನು? ಮಾತಿನ ಎಲ್ಲ ದಾರಿಯನ್ನೂ ಹಿಡಿದು ನೋಡಿದ್ದೇವೆಯೇ? ಉತ್ತರ ಸಿಗುವ ತನಕ ಜೈಕಾರ ಹಾಕುವುದು ಬೇಡ. ನೆರೆಯವನನ್ನು ನಡುಗಿಸಿ ಗಳಿಸುವ ಭದ್ರತೆ ಅವನು ಮತ್ತೆ ಬಲ ಕೂಡಿಸಿಕೊಳ್ಳುವ ತನಕ ಮಾತ್ರ ಉಳಿಯುತ್ತದೆ. ಇಬ್ಬರೂ ನಿಶ್ಚಿಂತರಾಗಿ ಮಲಗಬಲ್ಲ ಏರ್ಪಾಡು ಮಾತ್ರ ಬಾಳುತ್ತದೆ. ಅಂಥ ಏರ್ಪಾಡನ್ನು ನಮ್ಮ ಪ್ರತಿನಿಧಿಗಳಿಂದ ಕೇಳುವುದು ದೇಶಭಕ್ತಿಯ ಕೆಲಸ. ಓಟು ಕೇಳಲು ಬಂದವರನ್ನು ರಸ್ತೆ, ಸೇತುವೆಯ ಬಗ್ಗೆ ಕೇಳುವಂತೆ ಇದನ್ನೂ ಕೇಳಿ.